ನೀರಂಚಿನ ಹಕ್ಕಿಗಳ ಛಾಯಾಚಿತ್ರಗ್ರಹಣ



ಹಕ್ಕಿಗಳ ಚಿತ್ರವೆಂದೊಡನೆ ನಗರವಾಸಿಗಳಾದ ನಮ್ಮ ಮನಸ್ಸಿಗೆ ತೋರುವುದು ನವಿಲು, ಗಿಳಿ, ಮಿಂಚುಳ್ಳಿ ಮೊದಲಾದ ಬಣ್ಣಬಣ್ಣದ ಪಕ್ಷಿಗಳು. ಇಂದು ನಾವು ಹೇಳಹೊರಟಿರುವ ಹಕ್ಕಿಗಳಿಗೆ ಅಂತಹ ಬೆಡಗಿಲ್ಲ. ಅವುಗಳ ಮೈ ಕೆಸರಿನ ಬಣ್ಣ. ಅವುಗಳ ವಾಸ ಕೆಸರಿನ ಬಯಲು. ದೂರದಿಂದ ನೋಡಿದವರಿಗೆ ಕೆಸರೇ ಅಲ್ಲಲ್ಲಿ ಚಲಿಸುತ್ತಿರುವಂತೆ ಕಾಣುವುದೇ ಹೊರತು ಹಕ್ಕಿಯೆಂದು ಗೊತ್ತಾಗದು. ಆದರೂ ಈ ಮಣ್ಣು ಬಣ್ಣದ ಹಕ್ಕಿಗಳ ಚಿತ್ರಗಳನ್ನು ತೆಗೆಯುವುದಕ್ಕಾಗಿ ಬೆಳಗಿನ ಜಾವದಲ್ಲಿ ಎದ್ದು, ಮೊಣಕಾಲುದ್ದದ ಕೆಸರಿನಲ್ಲಿ ಗಂಟೆಗಟ್ಟಲೆ ಕುಳಿತಿರುವ ಜನರುಂಟು. ಇವರು ಏನನ್ನು ಕಂಡು ಹೀಗೆ ಮರುಳಾಗಿರುವರು, ಈ ಕೆಲಸದ ಕ್ರಮವೇನು, ಇದರಲ್ಲಿ ಹಕ್ಕಿಗೆ ನಾವು ತೀರಿಸಬೇಕಾದ ಋಣವೇನು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಿಸೋಣ.

ಆಂಗ್ಲ ಭಾಷೆಯಲ್ಲಿ ಈ ಪಕ್ಷಿವರ್ಗವನ್ನು ವೇಡರ್ಸ್ ಎನ್ನುವರು. ನೀರಿನಲ್ಲಿ ಕಾಲಿಟ್ಟು ನಡೆಯುವವು ಎಂದು ಅದರ ಭಾವ. ಈ ಭಾಷಣದ ಮಟ್ಟಿಗೆ ನಾವು ಇವನ್ನು ನೀರಂಚಿನ ಹಕ್ಕಿಗಳೆಂದು ಕರೆಯೋಣ. ಕೊಳದ ಬದಿಯಲ್ಲಿ ಬಾಲ ಕುಣಿಸುತ್ತ ಓಡಾಡುವ ಗದ್ದೆಗೊರವ, ಕಡ್ಡಿಯಂತಹ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ, ನಡುರಾತ್ರಿಯಲ್ಲಿಯೂ ಕೂಗಿ ಎಬ್ಬಿಸುವ ಟಿಟ್ಟಿಭ, ಇವು ಒಳನಾಡಿನವರಿಗೂ ಪರಿಚಿತವಾದವು. ಕಡಲ ತೀರದಲ್ಲಿ ಇವುಗಳ ಬಂಧುವರ್ಗ ದೊಡ್ಡದು: ಕುಡುಗೋಲಿನಂತೆ ಕೆಳಕ್ಕೆ ಬಾಗಿದ ನೀಳವಾದ ಕೊಕ್ಕಿನ ಕರ್ಲ್ಯೂ, ಕೆಂಗಾಲಿನ ರೆಡ್‌ಶ್ಯಾಂಕ್, ಗುಂಡು ತಲೆಯ ಪುಟ್ಟ ಪ್ಲೋವರುಗಳು, ಕಲ್ಲುಗಳನ್ನು ಮಗುಚಿ ಅವುಗಳ ಅಡಿಯಲ್ಲಿರುವುದನ್ನು ಹೆಕ್ಕುವ ಟರ್ನ್‌ಸ್ಟೋನ್. ಇವುಗಳ ಜೊತೆಗೆ ಬೆಳ್ಳಕ್ಕಿ, ಬಕ ಮೊದಲಾದ ಉದ್ದಗಾಲಿನವೂ ಅದೇ ನೀರಿನಲ್ಲಿ ಮೇಯುವುವು.

ಇವುಗಳಲ್ಲಿ ಬಹುಪಾಲು ನಮ್ಮ ನಾಡಿನಲ್ಲಿ ಹುಟ್ಟಿದವಲ್ಲ. ರೆಡ್‌ಶ್ಯಾಂಕು ಲಡಾಖಿನ ಜವುಗು ಹುಲ್ಲುಗಾವಲುಗಳಲ್ಲಿಯೂ ಅದರಾಚೆಗೂ ಮರಿ ಮಾಡುವುದು. ನಮ್ಮ ಪಶ್ಚಿಮ ಕರಾವಳಿಯಲ್ಲಿ ನೂರುಗಟ್ಟಲೆಯಾಗಿ ಕಾಣುವ ಮರಳು ಪ್ಲೋವರಿನ ತವರು ಹಿಮಾಲಯದಾಚೆಯ ಟಿಬೆಟ್ಟಿನ ಎತ್ತರದ ಬಯಲು. ಆಗಸ್ಟು, ಸೆಪ್ಟೆಂಬರು ತಿಂಗಳುಗಳಲ್ಲಿ ಅವು ಇಲ್ಲಿಗೆ ಇಳಿದು, ಏಪ್ರಿಲು, ಮೇ ವೇಳೆಗೆ ಹಿಂದಿರುಗುವುವು. ಇವುಗಳ ರೆಕ್ಕೆಯ ಬಲ ಎಷ್ಟೆಂಬುದಕ್ಕೆ ಒಂದು ನಿದರ್ಶನ ಸಾಕು. ಇದೇ ವರ್ಗಕ್ಕೆ ಸೇರಿದ ಗಾಡ್‌ವಿಟ್ ಎಂಬ ಹಕ್ಕಿಯ ಎಳೆಯ ಮರಿಯೊಂದು ೨೦೨೨ನೆಯ ಇಸವಿಯ ಅಕ್ಟೋಬರಿನಲ್ಲಿ ಅಲಾಸ್ಕದಿಂದ ಹೊರಟು ಎಲ್ಲಿಯೂ ಇಳಿಯದೆ, ೧೧ ದಿನಗಳಲ್ಲಿ ೧೩,೫೬೦ ಕಿಲೋಮೀಟರು ಹಾರಿ ಆಸ್ಟ್ರೇಲಿಯದ ಟಾಸ್ಮೇನಿಯ ದ್ವೀಪವನ್ನು ಮುಟ್ಟಿತು. ಅದರ ಬೆನ್ನಿನ ಮೇಲೆ ಕಟ್ಟಿದ್ದ ಸಣ್ಣ ಯಂತ್ರವು ಈ ಪ್ರಯಾಣವನ್ನೆಲ್ಲ ಉಪಗ್ರಹದ ಮೂಲಕ ತಿಳಿಸಿತು. ಕೆಸರಿನ ಬಣ್ಣವೆಂದು ನಾವು ಕಡೆಗಣಿಸುವ ಹಕ್ಕಿಯ ಯೋಗ್ಯತೆ ಇಂತಹುದು.

ಕನ್ನಡ ನಾಡಿನಲ್ಲಿ ಇವುಗಳನ್ನು ನೋಡಲು ಕಡಲತಡಿಯ ಅಳಿವೆಗಳಿಗೆ ಹೋಗಬೇಕು. ಅವುಗಳಲ್ಲಿ ಅಘನಾಶಿನಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಶಿರಸಿಯ ಕಡೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಯಾವ ದೊಡ್ಡ ಅಣೆಕಟ್ಟಿನ ತಡೆಯೂ ಇಲ್ಲದೆ ಹರಿದು ಬರುವ ಈ ನದಿ ಕುಮಟಾ ತಾಲ್ಲೂಕಿನಲ್ಲಿ ಕಡಲನ್ನು ಸೇರುತ್ತದೆ. ಸೇರುವ ಮುನ್ನ ಹರಡಿಕೊಂಡು, ನಡುಗಡ್ಡೆಗಳನ್ನೂ ಕಾಂಡ್ಲ ಕಾಡುಗಳನ್ನೂ ಕೆಸರು ಬಯಲುಗಳನ್ನೂ ನಿರ್ಮಿಸಿದೆ. ದಡದುದ್ದಕ್ಕೂ ಗಜನಿ ಎಂಬ ತಗ್ಗಿನ ಗದ್ದೆಗಳುಂಟು. ಮಳೆಗಾಲದಲ್ಲಿ ಸಿಹಿನೀರು ಮೇಲುಗೈಯಾದಾಗ ಅಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಎಂಬ ಬತ್ತವನ್ನು ಬೆಳೆಯುವರು. ಕೊಯ್ಲಾದ ಮೇಲೆ ಉಪ್ಪುನೀರನ್ನು ಒಳಕ್ಕೆ ಬಿಟ್ಟು ಸೀಗಡಿ, ಮೀನುಗಳನ್ನು ಹಿಡಿಯುವರು. ನೀರಿಳಿದಾಗ ಹೆಂಗಸರೂ ಗಂಡಸರೂ ಕೆಸರಿಗಿಳಿದು ಬಳಚು ಎಂಬ ಚಿಪ್ಪಿನ ಜೀವಿಯನ್ನು ಆರಿಸುವರು. ಅದೇ ಕೆಸರಿನಲ್ಲಿ, ಅದೇ ಹೊತ್ತಿನಲ್ಲಿ, ಸ್ವಲ್ಪ ದೂರದಲ್ಲಿ ಹಕ್ಕಿಗಳೂ ತಮ್ಮ ಪಾಲನ್ನು ಆರಿಸುತ್ತಿರುವುವು. ಮನುಷ್ಯನ ಅನ್ನವೂ ಹಕ್ಕಿಯ ಅನ್ನವೂ ಒಂದೇ ತಟ್ಟೆಯಲ್ಲಿರುವ ಸ್ಥಳವಿದು.

ಈ ಸ್ಥಳದಲ್ಲಿ ಗಡಿಯಾರಕ್ಕಿಂತ ಕಡಲಿನ ಉಬ್ಬರವಿಳಿತವೇ ಮುಖ್ಯವಾದ ಕಾಲಮಾನ. ಒಂದು ಉಬ್ಬರಕ್ಕೂ ಮುಂದಿನ ಉಬ್ಬರಕ್ಕೂ ನಡುವೆ ಸುಮಾರು ೧೨ ಗಂಟೆ ೨೫ ನಿಮಿಷಗಳ ಅಂತರ; ಆದುದರಿಂದ ನೀರು ದಿನದಿಂದ ದಿನಕ್ಕೆ ಸುಮಾರು ೫೦ ನಿಮಿಷ ತಡವಾಗಿ ಏರುವುದು. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಸುಮಾರಿಗೆ ಕಡಮೆ. ಒಂದು ಊರಿನಲ್ಲಿ ಒಂದು ತಿಥಿಯ ಉಬ್ಬರವು ಹೆಚ್ಚು ಕಡಮೆ ಒಂದೇ ಹೊತ್ತಿಗೆ ಬರುವುದರಿಂದ, ಅಲ್ಲಿನ ಬೆಸ್ತನಿಗೆ ತಿಥಿಯನ್ನು ತಿಳಿಸಿದರೆ ನೀರು ಯಾವಾಗ ಇಳಿಯುವುದೆಂದು ಕೂಡಲೆ ಹೇಳಬಲ್ಲನು. ಛಾಯಾಚಿತ್ರಗಾರನು ಪೇಟೆಯಿಂದ ಒಯ್ಯುವ ಉಪಕರಣಗಳೆಲ್ಲಕ್ಕಿಂತಲೂ ಈ ಜ್ಞಾನ ಬೆಲೆಯುಳ್ಳದ್ದು. ನೀರು ಇಳಿದಂತೆ ಕೆಸರು ಬಯಲಾಗಿ ಹಕ್ಕಿಗಳು ದೂರ ದೂರಕ್ಕೆ ಚದರಿಹೋಗುವುವು. ಅವನ್ನು ಬೆನ್ನಟ್ಟಿದವನಿಗೆ ಹಾರುವ ಬೆನ್ನುಗಳಲ್ಲದೆ ಬೇರೇನೂ ಸಿಕ್ಕದು. ನೀರು ಏರತೊಡಗಿದಾಗಲಾದರೋ ಮೇವಿನ ನೆಲ ಕಿರಿದಾಗುತ್ತ ಹಕ್ಕಿಗಳು ತಾವಾಗಿಯೇ ದಡದ ಕಡೆಗೆ ಸರಿಯುವುವು. ಆದುದರಿಂದ ಬಲ್ಲವನು ನೀರು ಇನ್ನೂ ಕೆಳಗಿರುವಾಗಲೇ ದಡದಂಚಿನಲ್ಲಿ ಮರೆಯಾಗಿ ಕುಳಿತು, ಕಡಲೇ ಹಕ್ಕಿಗಳನ್ನು ತನ್ನೆದುರಿಗೆ ತಂದು ನಿಲ್ಲಿಸುವವರೆಗೂ ಕಾಯುವನು.

ಕಾಯುವವನಿಗೆ ಹಕ್ಕಿಯ ಊಟದ ರೀತಿ ಗೊತ್ತಿದ್ದರೆ ಕೆಲಸ ಇನ್ನೂ ಸುಲಭ. ಪ್ಲೋವರಿಗೆ ದೊಡ್ಡ ಕಣ್ಣು, ಗಿಡ್ಡ ಕೊಕ್ಕು. ಅದು ಕಣ್ಣಿನಿಂದ ಬೇಟೆಯಾಡುವುದು. ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ದಿಟ್ಟಿಸಿ ನೋಡಿ, ಕುಕ್ಕುವುದು, ಮತ್ತೆ ಓಡುವುದು. ಅದು ನಿಂತ ಆ ಕ್ಷಣವೇ ಚಿತ್ರದ ಕ್ಷಣ. ಕರ್ಲ್ಯೂ ಹಾಗಲ್ಲ. ಅದರ ಕೊಕ್ಕಿನ ತುದಿಯಲ್ಲಿ ಸೂಕ್ಷ್ಮವಾದ ಸ್ಪರ್ಶಜ್ಞಾನವುಂಟು. ಕೆಸರಿನ ಆಳದಲ್ಲಿ ಅಡಗಿರುವ ಹುಳುವನ್ನು ಅದು ಕಾಣದೆಯೇ ತಡವಿ ಹಿಡಿಯಬಲ್ಲುದು. ಕೊಕ್ಕನ್ನೆಲ್ಲ ತೆರೆಯದೆ ತುದಿಯನ್ನು ಮಾತ್ರ ತೆರೆದು ಚಿಮ್ಮಟದಂತೆ ಕಚ್ಚಬಲ್ಲುದು. ಏಡಿ ಸಿಕ್ಕಿದರೆ ಅದನ್ನು ಒದರಿ ಕಾಲುಗಳನ್ನು ಉದುರಿಸಿ ನುಂಗುವುದು. ಮೆಟ್ಟುಗಾಲು ಹಕ್ಕಿಯು ಮಿಕ್ಕವು ಇಳಿಯಲಾರದಷ್ಟು ಆಳದ ನೀರಿನಲ್ಲಿ ನಿಂತು ಮೇಯುವುದು. ಒಂದೇ ಕೆಸರಿನಲ್ಲಿ ಹತ್ತು ಬಗೆಯ ಹಕ್ಕಿಗಳು ಜಗಳವಿಲ್ಲದೆ ಬಾಳುವುದರ ಗುಟ್ಟು ಇಲ್ಲಿದೆ: ಕಾಲು ಕೊಕ್ಕುಗಳ ಉದ್ದ ಬೇರೆ ಬೇರೆಯಾದುದರಿಂದ ಅವುಗಳ ಊಟದ ಆಳವೂ ಬೇರೆ ಬೇರೆ. ಇದನ್ನು ತಿಳಿದು ತೆಗೆದ ಚಿತ್ರದಲ್ಲಿ ಹಕ್ಕಿಯ ಬಾಳು ಕಾಣುವುದು; ತಿಳಿಯದೆ ತೆಗೆದುದರಲ್ಲಿ ಹಕ್ಕಿಯ ಆಕಾರ ಮಾತ್ರ ಕಾಣುವುದು.

ಇನ್ನು ಈ ಕಲೆಯ ಇತಿಹಾಸವನ್ನು ಎರಡು ಮಾತಿನಲ್ಲಿ ಹೇಳೋಣ. ಕಾಡುಹಕ್ಕಿಯ ಚಿತ್ರಗಳಲ್ಲಿ ಮೊದಲು ಹೆಸರಾದವುಗಳಲ್ಲಿ ಒಂದು ನೀರಂಚಿನ ಹಕ್ಕಿಯದೇ ಎಂಬುದು ಸ್ವಾರಸ್ಯವಾದ ಸಂಗತಿ. ಇಂಗ್ಲೆಂಡಿನ ಆರ್. ಬಿ. ಲಾಡ್ಜ್ ಎಂಬವರು ಗೂಡಿನಲ್ಲಿ ಕಾವು ಕುಳಿತ ಟಿಟ್ಟಿಭ ಜಾತಿಯ ಹಕ್ಕಿಯೊಂದರ ಚಿತ್ರಕ್ಕಾಗಿ ೧೮೯೫ರಲ್ಲಿ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯ ಪದಕವನ್ನು ಪಡೆದರು. ಅದೇ ಕಾಲದಲ್ಲಿ ಕಿಯರ್ಟನ್ ಸಹೋದರರು ಹಕ್ಕಿಗಳನ್ನು ಸಮೀಪಿಸುವುದಕ್ಕಾಗಿ ಎತ್ತಿನ ಚರ್ಮದಿಂದ ಟೊಳ್ಳು ಎತ್ತೊಂದನ್ನು ಮಾಡಿಸಿ ಅದರ ಹೊಟ್ಟೆಯೊಳಗೆ ಕ್ಯಾಮರಾ ಸಮೇತ ನಿಲ್ಲುತ್ತಿದ್ದರು. ನಮ್ಮ ದೇಶದ ಹಕ್ಕಿಗಳನ್ನು ಕುರಿತು ಇ. ಎಚ್. ಎನ್. ಲೋಥರ್ ಎಂಬವರ ಗ್ರಂಥ ೧೯೪೯ರಲ್ಲಿ ಹೊರಬಂದಿತು. ತರುವಾಯದ ತಲೆಮಾರಿನಲ್ಲಿ ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಮೊದಲಾದವರು ಈ ವಿದ್ಯೆಯಲ್ಲಿ ನಮ್ಮ ನಾಡಿಗೆ ಕೀರ್ತಿಯನ್ನು ತಂದರು.

ಹಿಂದಿನವರು ಬಹುಮಟ್ಟಿಗೆ ಗೂಡಿನ ಬಳಿಯಲ್ಲಿಯೇ ಚಿತ್ರ ತೆಗೆಯುತ್ತಿದ್ದುದಕ್ಕೆ ಕಾರಣವುಂಟು. ಅವರ ಕ್ಯಾಮರಾ ಭಾರವಾದುದು. ಗಾಜಿನ ಪ್ಲೇಟು ಮಂದವಾದುದು. ಹಕ್ಕಿಯ ಹಿಂದೆ ಕ್ಯಾಮರಾ ಹೋಗಲಾರದ್ದರಿಂದ, ಹಕ್ಕಿ ತಪ್ಪದೆ ಬಂದೇ ಬರುವ ಒಂದು ಸ್ಥಳ ಅವರಿಗೆ ಬೇಕಾಗಿತ್ತು. ಇಂದು ೪೦೦ರಿಂದ ೬೦೦ ಮಿಲಿಮೀಟರು ನಾಭಿದೂರದ ಮಸೂರಗಳೂ ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗದಲ್ಲಿ ಬೆಳಕನ್ನು ಹಿಡಿಯುವ ಯಂತ್ರಗಳೂ ಇರುವಾಗ ಗೂಡಿನ ಬಳಿಗೆ ಹೋಗುವ ಅವಶ್ಯಕತೆಯೇ ಇಲ್ಲ. ಪಂಚತಂತ್ರದ ಕಥೆಯಲ್ಲಿ ಟಿಟ್ಟಿಭ ದಂಪತಿಗಳ ಮೊಟ್ಟೆಗಳನ್ನು ಕಡಲು ಕದ್ದೊಯ್ದಾಗ ಅವುಗಳ ಮೊರೆ ಗರುಡನ ಮೂಲಕ ವಿಷ್ಣುವಿನವರೆಗೂ ಮುಟ್ಟಿ, ಕಡಲು ಮೊಟ್ಟೆಗಳನ್ನು ಹಿಂದಕ್ಕೆ ಕೊಡಬೇಕಾಯಿತು. ಬರಿಯ ಮರಳಿನ ಮೇಲೆ ಮೊಟ್ಟೆಯಿಡುವ ಹಕ್ಕಿಯನ್ನು ಕ್ಯಾಮರಾದ ಆಸೆಗಾಗಿ ಬಿಸಿಲಿನ ಹೊತ್ತಿನಲ್ಲಿ ಎಬ್ಬಿಸಿ ಓಡಿಸಿದರೆ, ಮೊಟ್ಟೆಗಳು ಬೆಂದು ಕೆಡುವುದಕ್ಕೆ ಹೆಚ್ಚು ಹೊತ್ತು ಬೇಡ. ಅದರ ಮೊರೆಯನ್ನು ಕೇಳುವವರು ಅಲ್ಲಿ ಯಾರೂ ಇರುವುದಿಲ್ಲ.

ಈಗ ಕೆಲಸದ ಕ್ರಮಕ್ಕೆ ಬರೋಣ. ಮೊದಲನೆಯದು ಬೆಳಕು. ಪಶ್ಚಿಮ ಕರಾವಳಿಯಲ್ಲಿ ಸೂರ್ಯನು ನೆಲದ ಕಡೆಯಿಂದ ಹುಟ್ಟುವನು. ಆದುದರಿಂದ ಬೆಳಗ್ಗೆ ನೆಲದ ಬದಿಯಲ್ಲಿ ಕುಳಿತು ಕಡಲಿನತ್ತ ಮುಖ ಮಾಡಿದರೆ ಬೆಳಕು ನಮ್ಮ ಬೆನ್ನ ಹಿಂದಿನಿಂದ ಹಕ್ಕಿಯ ಮೇಲೆ ಬೀಳುವುದು. ಸಂಜೆಗೆ ಇದು ತಿರುಗಿ, ಅದೇ ಸ್ಥಳದಿಂದ ಹಕ್ಕಿ ಕಪ್ಪು ನೆರಳಾಗಿ ಕಾಣುವುದು. ಬಿಸಿಲೇರಿದ ಮೇಲೆ ಕೆಸರಿನ ಮೇಲಿನ ಗಾಳಿ ಕಾದು ಬಿಸಿಲ್ಗುದುರೆ ಕುಣಿಯತೊಡಗುವುದು. ಕಣ್ಣಿಗೆ ಅಷ್ಟಾಗಿ ತೋರದ ಈ ನಡುಕವು ಉದ್ದ ಮಸೂರದಲ್ಲಿ ಹಿಗ್ಗಿ, ಎಷ್ಟು ಬೆಲೆಯ ಯಂತ್ರದಿಂದ ತೆಗೆದರೂ ಚಿತ್ರವನ್ನು ಮಸಕುಮಾಡುವುದು. ಬೆಳಗಿನ ಮೊದಲ ಎರಡು ಗಂಟೆಗಳ ಬೆಳಕೂ ಏರುವ ನೀರೂ ಒಂದೇ ಹೊತ್ತಿಗೆ ಒದಗುವ ದಿನಗಳು ತಿಂಗಳಿಗೆ ಕೆಲವೇ. ಪಂಚಾಂಗವನ್ನು ನೋಡಿ ಅವನ್ನು ಮೊದಲೇ ಗುರುತುಮಾಡಿಕೊಳ್ಳುವುದು ಜಾಣತನ.

ಎರಡನೆಯದು ಎತ್ತರ. ನಿಂತುಕೊಂಡು ತೆಗೆದ ಚಿತ್ರದಲ್ಲಿ ಹಕ್ಕಿಯು ಕೆಸರಿಗೆ ಅಂಟಿಕೊಂಡಂತೆ ತೋರುವುದು. ಕ್ಯಾಮರಾವನ್ನು ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಸಿದರೆ ಹಿಂದಿನ ನೀರೂ ದಡವೂ ಮಸಕಾಗಿ, ಹಕ್ಕಿಯೊಂದೇ ತನ್ನ ಲೋಕದಲ್ಲಿ ತಾನು ನಡೆದಾಡುವಂತೆ ಮೂಡುವುದು. ಇದಕ್ಕಾಗಿ ಹೊಟ್ಟೆಯ ಮೇಲೆ ಮಲಗಬೇಕು. ಯಂತ್ರವನ್ನು ಕೆಸರಿನ ಮೇಲೆ ಇಡಲು ಹಳೆಯ ಬಾಣಲೆಯೊಂದನ್ನು ಉಪಯೋಗಿಸುವವರುಂಟು. ಅದು ಕೆಸರಿನಲ್ಲಿ ಹೂಳದೆ ಸಲೀಸಾಗಿ ಜಾರುವುದು. ಉಪ್ಪುನೀರು ಯಂತ್ರಕ್ಕೆ ಶತ್ರು. ಮನೆಗೆ ಬಂದೊಡನೆ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹೊರಮೈಯನ್ನು ಒರಸುವುದನ್ನು ಮರೆಯಲಾಗದು.

ಮೂರನೆಯದು ಬೆಳಕಿನ ಪ್ರಮಾಣ. ಕಪ್ಪು ಕೆಸರಿನ ನಡುವೆ ನಿಂತ ಬೆಳ್ಳಕ್ಕಿಯನ್ನು ಯಂತ್ರದ ಬೆಳಕುಮಾಪಕದ ಮಾತನ್ನೇ ನಂಬಿ ತೆಗೆದರೆ ಅದರ ಗರಿಗಳೆಲ್ಲ ಒಂದೇ ಬಿಳಿಯ ಮುದ್ದೆಯಾಗುವುವು. ಏಕೆಂದರೆ ಮಾಪಕವು ಸುತ್ತಲಿನ ಕಪ್ಪನ್ನು ಕಂಡು ಬೆಳಕು ಸಾಲದೆಂದು ಭಾವಿಸುವುದು. ಇಂತಲ್ಲಿ ಬೆಳಕನ್ನು ಅರ್ಧಕ್ಕೆ ಇಳಿಸಿದರೆ ಗರಿಗಳ ಎಳೆ ಎಳೆಯೂ ಉಳಿಯುವುದು. ಕರಾವಳಿಯ ಬೆಳ್ಳಕ್ಕಿಗಳಲ್ಲಿ ಒಂದು ಜಾತಿಯಲ್ಲಂತೂ ಬೂದುಗಪ್ಪು ಮೈಯವೂ ಬಿಳಿ ಮೈಯವೂ ಎರಡೂ ಉಂಟು. ಅವೆರಡೂ ಜೊತೆಯಾಗಿ ನಿಂತಾಗ ಯಾವುದಕ್ಕೆ ನ್ಯಾಯ ಮಾಡಬೇಕೆಂಬುದು ಅನುಭವಿಗಳಿಗೂ ಸಮಸ್ಯೆಯೇ ಸರಿ. ನಡೆಯುವ ಹಕ್ಕಿಗೆ ಸೆಕೆಂಡಿನ ಐನೂರರಲ್ಲೊಂದು ಭಾಗ, ಹಾರುವುದಕ್ಕೆ ಎರಡು ಸಾವಿರದಲ್ಲೊಂದು ಭಾಗ ಸಾಮಾನ್ಯವಾಗಿ ಸಾಕಾಗುವುದು.

ಇಷ್ಟು ಕಲಿತವನಿಗೆ ಒಳ್ಳೆಯ ಚಿತ್ರ ದೊರೆಯುವುದರಲ್ಲಿ ಸಂದೇಹವಿಲ್ಲ. ಆದರೆ ಚಿತ್ರ ಒಳ್ಳೆಯದಾದರೆ ಸಾಕೇ ಎಂಬ ಪ್ರಶ್ನೆಯನ್ನು ನಾವು ಇಲ್ಲಿ ಎತ್ತಲೇಬೇಕು. ಇಂದು ಕ್ಯಾಮರಾ ಬಹುಜನರ ಕೈಯಲ್ಲಿದೆ. ರಜೆಯ ದಿನದಲ್ಲಿ ಒಂದೇ ಕೆಸರು ಬಯಲಿಗೆ ಹತ್ತಾರು ಮಂದಿ ಬರುವರು. ಹಾರುವ ಚಿತ್ರ ಬೇಕೆಂದು ಹಿಂಡಿನ ಕಡೆಗೆ ಹೆಂಟೆ ಎಸೆಯುವವರನ್ನೂ, ದೋಣಿಯನ್ನು ನೇರವಾಗಿ ಹಿಂಡಿನ ನಡುವೆ ನುಗ್ಗಿಸುವವರನ್ನೂ ನಾವು ಕಂಡಿದ್ದೇವೆ. ನೋಡುವವನಿಗೆ ಅದು ಒಂದು ನಿಮಿಷದ ಸೊಗಸು. ಹಕ್ಕಿಯ ಲೆಕ್ಕವೇ ಬೇರೆ.

ಆ ಲೆಕ್ಕವನ್ನು ನೋಡೋಣ. ಹಕ್ಕಿಯ ಊಟದ ಎಲೆ ಇಡೀ ದಿನ ಹಾಸಿರುವುದಿಲ್ಲ. ನೀರು ಇಳಿದಿರುವ ಕೆಲವು ಗಂಟೆಗಳ ಕಾಲ ಮಾತ್ರ ಹಾಸಿರುವುದು. ಆದುದರಿಂದಲೇ ಅವು ರಾತ್ರಿಯ ಇಳಿತದಲ್ಲಿಯೂ ಮೇಯುವುವು. ಹಿಂದಿರುಗುವ ಕಾಲ ಹತ್ತಿರವಾದಂತೆ ಅವು ಮೈಯಲ್ಲಿ ಕೊಬ್ಬನ್ನು ತುಂಬಿಕೊಳ್ಳಬೇಕು. ಬಹುದೂರ ಹಾರುವ ಕೆಲವು ಜಾತಿಗಳು ತಮ್ಮ ತೂಕವನ್ನು ಹೆಚ್ಚುಕಡಮೆ ಇಮ್ಮಡಿಯಾಗಿಸಿಕೊಳ್ಳುವುವು. ಈ ಕೊಬ್ಬೇ ಅವುಗಳ ದಾರಿಯ ಬುತ್ತಿ. ಒಂದು ಸಲ ಹಿಂಡನ್ನು ಎಬ್ಬಿಸಿದಾಗ ಎರಡು ನಷ್ಟ: ಮೇಯುವ ಹೊತ್ತು ಕಳೆಯಿತು, ಗಳಿಸಿದ ಬುತ್ತಿಯೂ ಕರಗಿತು. ಒಂದು ಸಲವಾದರೆ ಹಕ್ಕಿ ಅದನ್ನು ತುಂಬಿಕೊಂಡೀತು. ಹತ್ತು ಮಂದಿ ಹತ್ತು ಸಲ ಎಬ್ಬಿಸಿದರೆ, ಮಾರ್ಚಿ ಏಪ್ರಿಲುಗಳಲ್ಲಿ ಆ ಹಕ್ಕಿ ಬುತ್ತಿಯಿಲ್ಲದೆ ಹಿಮಾಲಯವನ್ನು ದಾಟಲು ಹೊರಡಬೇಕಾಗುವುದು. ಅದು ದಾರಿಯಲ್ಲಿ ಬಿದ್ದರೆ ಅದರ ಸಾವು ಯಾರ ಚಿತ್ರದಲ್ಲಿಯೂ ಮೂಡುವುದಿಲ್ಲ.

ಉಬ್ಬರದ ಹೊತ್ತಿನ ವಿಶ್ರಾಂತಿಯ ಸ್ಥಳವೂ ಹಾಗೆಯೇ. ಕೆಸರೆಲ್ಲ ಮುಳುಗಿದಾಗ ಸಾವಿರ ಹಕ್ಕಿಗಳು ಒಂದು ಮರಳ ದಿಬ್ಬದ ಮೇಲೆ ಒಂದೇ ಗಾಳಿಮುಖವಾಗಿ ಒಂಟಿಕಾಲಿನಲ್ಲಿ ನಿದ್ರಿಸುವುವು. ಅವಕ್ಕೆ ಹೋಗಲು ಬೇರೆ ಎಡೆಯಿರುವುದಿಲ್ಲ. ಅಲ್ಲಿಗೆ ಕ್ಯಾಮರಾ ಹಿಡಿದು ಹೋಗದಿರುವುದೇ ಧರ್ಮ.

ಹಾಗಾದರೆ ಎಷ್ಟು ಹತ್ತಿರ ಹೋಗಬಹುದು? ಇಂತಿಷ್ಟು ಗಜವೆಂದು ಹೇಳುವುದು ಕಷ್ಟ. ಹಕ್ಕಿಯೇ ಅದನ್ನು ಹೇಳುವುದು. ಮೇಯುತ್ತಿದ್ದ ಹಕ್ಕಿ ಮೇವು ಬಿಟ್ಟು ಕತ್ತೆತ್ತಿ ನೋಡಿದರೆ ಅದು ಮೊದಲ ಎಚ್ಚರಿಕೆ. ಹಿಂಡಿನ ತಲೆಗಳೆಲ್ಲ ಒಂದೇ ಕಡೆಗೆ ತಿರುಗಿದರೆ ಎರಡನೆಯದು. ರೆಡ್‌ಶ್ಯಾಂಕು ತನ್ನ ತೀಕ್ಷ್ಣವಾದ ದನಿಯಿಂದ ಕೂಗಿತೆಂದರೆ ಸುತ್ತಲಿನ ಬಯಲೆಲ್ಲ ಎದ್ದಂತೆಯೇ. ಜವುಗಿನ ಕಾವಲುಗಾರನೆಂದು ಅದಕ್ಕೆ ಹೆಸರು ಬಂದಿರುವುದು ಸುಮ್ಮನೆ ಅಲ್ಲ. ಮೊದಲ ಎಚ್ಚರಿಕೆಯಲ್ಲಿಯೇ ನಿಲ್ಲುವವನಿಗೆ ಹಕ್ಕಿ ಮತ್ತೆ ಮೇವಿಗೆ ತಲೆ ತಗ್ಗಿಸುವುದು. ಹಾಗೆ ತಲೆ ತಗ್ಗಿಸಿದ ಹಕ್ಕಿಯ ಚಿತ್ರಕ್ಕೂ, ಹೆದರಿ ಕತ್ತು ನೀಡಿದ ಹಕ್ಕಿಯ ಚಿತ್ರಕ್ಕೂ ಇರುವ ಭೇದವನ್ನು ಬಲ್ಲವರು ಕೂಡಲೆ ಗುರುತಿಸುವರು. ಬಳಚು ಆರಿಸುವ ಹೆಂಗಸರು ದಿನವೂ ಅದೇ ಕೆಸರಿನಲ್ಲಿ ಬಗ್ಗಿ ನಿಧಾನವಾಗಿ ನಡೆಯುವರಾದರೂ ಹಕ್ಕಿಗಳು ಅವರನ್ನು ಕಂಡು ಅಷ್ಟಾಗಿ ಬೆದರುವುದಿಲ್ಲ. ಅವರು ಹಕ್ಕಿಯ ಕಡೆಗೆ ನಡೆಯುವವರಲ್ಲ. ತಮ್ಮ ಕೆಲಸದ ಕಡೆಗೆ ನಡೆಯುವವರು. ಛಾಯಾಚಿತ್ರಗಾರನು ಕಲಿಯಬೇಕಾದ ನಡಿಗೆ ಅವರದು.

ಹೀಗೆ ಸಂಯಮದಿಂದ ತೆಗೆದ ಚಿತ್ರವು ಅಂದಕ್ಕೆ ಮಾತ್ರವಲ್ಲದೆ ವಿಜ್ಞಾನಕ್ಕೂ ಉಪಯೋಗವಾಗುವುದು. ಬೊಂಬಾಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರೂ ಹೊರದೇಶಗಳ ಸಂಸ್ಥೆಗಳವರೂ ಹಕ್ಕಿಗಳ ಕಾಲಿಗೆ ಉಂಗುರಗಳನ್ನೂ ಅಕ್ಷರ ಬರೆದ ಬಣ್ಣದ ಪಟ್ಟಿಗಳನ್ನೂ ತೊಡಿಸಿ ಬಿಡುವರು. ಹಿಂದೆ ಉಂಗುರದ ಬರಹವನ್ನು ಓದಬೇಕಾದರೆ ಹಕ್ಕಿಯನ್ನು ಮತ್ತೆ ಹಿಡಿಯಬೇಕಾಗಿತ್ತು, ಇಲ್ಲವೆ ಅದು ಸತ್ತು ಸಿಕ್ಕಬೇಕಾಗಿತ್ತು. ಈಗ ದೂರದಿಂದ ತೆಗೆದ ಸ್ಪಷ್ಟವಾದ ಚಿತ್ರವೊಂದರಲ್ಲಿ ಪಟ್ಟಿಯ ಅಕ್ಷರವನ್ನು ಓದಿ, ಈ ಹಕ್ಕಿ ಎಲ್ಲಿಂದ ಬಂದಿತೆಂದು ತಿಳಿಯಬಹುದಾಗಿದೆ. ಏಪ್ರಿಲಿನಲ್ಲಿ ಮರಳು ಪ್ಲೋವರಿನ ಎದೆಗೆ ಇಟ್ಟಿಗೆಗೆಂಪು ಬಣ್ಣ ಏರುವುದು, ಸೆಪ್ಟೆಂಬರಿನಲ್ಲಿ ಸವೆದ ಗರಿಯ ಹಿರಿಯ ಹಕ್ಕಿಯೂ ಹೊಸ ಗರಿಯ ಎಳೆಯದೂ ಜೊತೆಯಾಗಿ ಕಾಣುವುದು, ಇವೆಲ್ಲ ದಿನಾಂಕ ಸ್ಥಳಗಳ ಸಹಿತವಾಗಿ ಉಳಿದರೆ ಮುಂದಿನವರಿಗೆ ದಾಖಲೆ. ಆದುದರಿಂದ ದಿನಾಂಕವಿಲ್ಲದ ಚಿತ್ರವನ್ನು ನಾವು ಅರ್ಧ ಚಿತ್ರವೆಂದೇ ಎಣಿಸುವೆವು.

ಅಳಿವೆಗಳ ಅಳಿವು ಉಳಿವು ಇಂತಹ ದಾಖಲೆಗಳನ್ನೂ ಅವಲಂಬಿಸಿದೆ. ಕೆಸರು ಬಯಲನ್ನು ನಿರುಪಯೋಗಿಯಾದ ಪಾಳುಭೂಮಿಯೆಂದು ಭಾವಿಸುವುದು ಸುಲಭ. ಅಘನಾಶಿನಿಯ ಬಾಯಲ್ಲಿರುವ ತದಡಿಯಲ್ಲಿ ಬೃಹತ್ತಾದ ವಿದ್ಯುತ್ ಸ್ಥಾವರವೊಂದನ್ನು ಕಟ್ಟುವ ಯೋಜನೆ ಈ ಶತಮಾನದ ಮೊದಲ ದಶಕದಲ್ಲಿ ಎದ್ದಿತ್ತು. ಸ್ಥಳದ ಜನ ವಿರೋಧಿಸಿದರು. ಅದು ಮುಂದೆ ಸಾಗಲಿಲ್ಲ. ಜೌಗುಭೂಮಿಗಳ ರಕ್ಷಣೆಗಾಗಿ ೧೯೭೧ರಲ್ಲಿ ಇರಾನಿನ ರಾಮ್ಸರ್ ಎಂಬ ಊರಿನಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ೨೦೨೨ರಲ್ಲಿ ನಮ್ಮ ರಂಗನತಿಟ್ಟು ಸೇರಿತು. ೨೦೨೪ರ ಜನವರಿಯಲ್ಲಿ ಅಘನಾಶಿನಿಯ ಅಳಿವೆಯೂ ಸೇರಿರುವುದಾಗಿ ಪ್ರಕಟವಾಯಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಭಯ ತೀರಿತೆಂದಲ್ಲ. ಕಂಡವರು ಕಂಡುದನ್ನು ಹೇಳುತ್ತಿದ್ದರೆ ಮಾತ್ರ ಪಟ್ಟಿಯ ಮಾತಿಗೆ ಬಲ. ಕೆಸರಿನಲ್ಲಿ ಏನೂ ಇಲ್ಲವೆನ್ನುವವರ ಮುಂದೆ, ಅದೇ ಕೆಸರಿನಲ್ಲಿ ಮೇಯುವ ಸಾವಿರ ಹಕ್ಕಿಗಳ ಚಿತ್ರವನ್ನು ಇಡುವುದಕ್ಕಿಂತ ಹೆಚ್ಚಿನ ವಾದ ಬೇಕಾಗಿಲ್ಲ.

ಕೇಳುಗರಲ್ಲಿ ಯಾರಾದರೂ ಈ ವಿದ್ಯೆಯನ್ನು ಕೈಕೊಳ್ಳಬೇಕೆಂದಿದ್ದರೆ ನಮ್ಮ ಸೂಚನೆ ಇಷ್ಟೆ. ಮೊದಲ ವರ್ಷ ಕ್ಯಾಮರಾ ಕೊಳ್ಳಬೇಡಿ. ಒಂದು ದುರ್ಬೀನನ್ನೂ ಒಂದು ಪುಸ್ತಕವನ್ನೂ ಕೊಳ್ಳಿ. ಊರಿನ ಕೆರೆಯಂಚಿನಲ್ಲಿಯೇ ಗದ್ದೆಗೊರವ, ಟಿಟ್ಟಿಭಗಳನ್ನು ನೋಡಿ ಅವುಗಳ ಎಚ್ಚರಿಕೆಯ ಭಾಷೆಯನ್ನು ಕಲಿಯಿರಿ. ತರುವಾಯ ಕರಾವಳಿಗೆ ಹೋಗುವಾಗ ಅಲ್ಲಿಯವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಏರುವ ನೀರು ಹಿಂದಿನ ದಾರಿಯನ್ನು ಕಡಿಯುವುದು ಹೊಸಬನಿಗೆ ತಿಳಿಯದು. ಕುಳಿತ ಸ್ಥಳದಿಂದ ನೀವು ಏಳುವಾಗ ಹಕ್ಕಿಗಳು ಇನ್ನೂ ಮೇಯುತ್ತಿದ್ದರೆ, ಚಿತ್ರ ಬಂದಿರಲಿ ಬಾರದಿರಲಿ, ಆ ದಿನದ ಕೆಲಸ ಚೆನ್ನಾಗಿ ಆಯಿತೆಂದು ತಿಳಿಯಿರಿ.